ಫೋರ್ ಬೈ ಫೋರ್ ಗಾಡಿಯ ನಿಜವಾದ ಮೈಲೇಜ್ ಅಳೆಯೋದು ಹೇಗೆ? ಯಾವ ಅಂಕಿ ನಂಬಬೇಕು?

ಕಲ್ಲುದಾರಿ:

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ತಲೆ ಕೊರೆಯುತ್ತಿರುವ ವಿಷಯ ಇದು.

ನನ್ನದು 2.2 ಲೀಟರ್ ಡೀಸೆಲ್, ಮ್ಯಾನ್ಯುವಲ್ ಗೇರ್, ಲ್ಯಾಡರ್ ಫ್ರೇಮ್ ಗಾಡಿ. ಬೇಕಾದಾಗ ಮಾತ್ರ ಫೋರ್ ವೀಲ್ ಹಾಕಿಕೊಳ್ಳುವ ಥರದ್ದು. ಟೂ ಹೈ (ಎರಡೇ ಚಕ್ರಕ್ಕೆ ಶಕ್ತಿ), ಫೋರ್ ಹೈ (ನಾಲ್ಕಕ್ಕೂ), ಫೋರ್ ಲೋ (ನಾಲ್ಕಕ್ಕೂ, ತೆವಳುವ ವೇಗದ ಲೋ ರೇಂಜ್ ಗೇರಿನಲ್ಲಿ) ಮೂರೂ ಇವೆ. ಕಂಪನಿ ಕೊಟ್ಟ ಹಾಳೆಯಲ್ಲಿ ಲೀಟರಿಗೆ 15 ಕಿಲೋಮೀಟರ್ ಎಂದಿದೆ. ಡ್ಯಾಶ್‌ಬೋರ್ಡಿನ ಪರದೆ 11.8 ತೋರಿಸುತ್ತದೆ. ಫುಲ್ ಟ್ಯಾಂಕ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಟ್ಯಾಂಕ್ ಮಾಡಿಸಿ ಲೆಕ್ಕ ಹಾಕಿದರೆ 10.9 ಬರುತ್ತದೆ. 305 ಕಿ.ಮೀ. ಓಡಿದ ಮೇಲೆ 28 ಲೀಟರ್ ಹಿಡಿಯಿತು. ಇದು ಟ್ರಾಫಿಕ್, ಹೈವೇ ಎರಡೂ ಸೇರಿದ ಲೆಕ್ಕ.

ಕಲ್ಲು-ಮಣ್ಣಿನ ದಾರಿಗೆ ಇಳಿದ ದಿನ ಪರದೆ 4 ಅನ್ನುತ್ತದೆ. ಕೆಲವು ಸಲ 3ಕ್ಕೂ ಇಳಿಯುತ್ತದೆ. ಜೊತೆಗೆ ಬಂದವರೊಬ್ಬರು ಇದೇ ಎಂಜಿನ್ನಿನ ಪಿಕಪ್‌ನಲ್ಲಿ, ಇದೇ ದಾರಿಯಲ್ಲಿ, "ನನಗೆ 7 ಬಂತು" ಅನ್ನುತ್ತಾರೆ. ನಗಬೇಕೋ ನಂಬಬೇಕೋ ಗೊತ್ತಾಗುತ್ತಿಲ್ಲ.

ಟೈರ್ 265/70 ಆರ್ 17 ಇತ್ತು. ಈಗ 285/70 ಆರ್ 17 ಹಾಕಿಸಿದ್ದೇನೆ. ಮೇಲೆ ಕ್ಯಾರಿಯರ್ ಇದೆ.

ಪ್ರಶ್ನೆ ಇಷ್ಟೇ. ಈ ಅಂಕಿಗಳಲ್ಲಿ ಯಾವುದು ನಿಜ? ಕಂಪನಿ ಸುಳ್ಳು ಹೇಳುತ್ತಿದೆಯಾ? ಬಂಕ್ ಸಿಗದ ಕಡೆ ಹೋಗುವಾಗ ಎಷ್ಟು ಡೀಸೆಲ್ ಹೊರಬೇಕು ಅಂತ ಯಾವ ಅಂಕಿ ಹಿಡಿದು ಲೆಕ್ಕ ಹಾಕಲಿ?

"ಇಷ್ಟು ದೊಡ್ಡ ಗಾಡಿ ತಗೊಂಡು ಮೈಲೇಜ್ ಕೇಳ್ತೀಯಾ" ಅನ್ನೋ ಉತ್ತರ ಮಾತ್ರ ಬೇಡ. ಅದು ಮನೆಯಲ್ಲೇ ಸಿಗುತ್ತಿದೆ.

---

ಮರಳುಗಾಡಿ:

ಆ 7ರ ಮನುಷ್ಯ ಸುಳ್ಳು ಹೇಳುತ್ತಿಲ್ಲದೆಯೂ ಇರಬಹುದು. ಅವರು ಬೆಳಿಗ್ಗೆ ಮನೆಯಿಂದಲೇ ಟ್ರಿಪ್ ಮೀಟರ್ ಸೊನ್ನೆ ಮಾಡಿಕೊಂಡು ಹೊರಟಿರುತ್ತಾರೆ. ಟಾರ್ ರಸ್ತೆಯೂ ಸೇರಿ 7. ನೀವು ಕಚ್ಚಾ ದಾರಿ ಶುರುವಾದಲ್ಲಿ ಸೊನ್ನೆ ಮಾಡಿರುತ್ತೀರಿ. ಮೊದಲು ಅದನ್ನು ಕೇಳಿ ನೋಡಿ.

ನಾನು ಓಡಿಸೋದು ಹೆಚ್ಚಾಗಿ ಮರಳಿನಲ್ಲಿ. ಅಲ್ಲಿ ಮೈಲೇಜ್ ಅನ್ನೋ ಮಾತೇ ಆಡಬೇಡಿ. ಒಳ್ಳೆ ಟಾರ್ ರಸ್ತೆಯಲ್ಲಿ ಚಕ್ರ ಉರುಳುವುದಕ್ಕೆ ಬೇಕಾದ ಬಲ ಗಾಡಿ ತೂಕದ ನೂರರಲ್ಲಿ ಒಂದೂವರೆ ಪಾಲಿಗಿಂತ ಕಡಿಮೆ. ಸಡಿಲ ಮರಳಿನಲ್ಲಿ ಅದೇ ಇಪ್ಪತ್ತು-ಮೂವತ್ತು ಪಾಲಿಗೆ ಹೋಗುತ್ತದೆ. ಅಂದರೆ ಮಟ್ಟಸ ಮರಳಿನ ಮೇಲೆ ಹೋಗುತ್ತಿದ್ದರೂ ಎಂಜಿನ್ ಪಾಲಿಗೆ ಅದು ಕಡಿದಾದ ಏರು. ಗಾಳಿ ಇಳಿಸಿ 15-18 ಪಿಎಸ್‌ಐಗೆ ತಂದರೆ ಟೈರ್ ಹೂತುಕೊಳ್ಳದೆ ಮೇಲೆ ತೇಲುತ್ತದೆ, ಡೀಸೆಲ್ ಕಣ್ಣಿಗೆ ಕಾಣುವಷ್ಟು ಉಳಿಯುತ್ತದೆ. ಟಾರ್ ರಸ್ತೆಗೆ ಬಂದ ಕೂಡಲೇ ತುಂಬಿಸಿ, ಇಲ್ಲದಿದ್ದರೆ ಟೈರ್ ಬಿಸಿಯಾಗಿ ಹಾಳಾಗುತ್ತದೆ.

ಕಂಪನಿ ಅಂಕಿ ಬಗ್ಗೆ ನನಗೆ ನಂಬಿಕೆಯೇ ಇಲ್ಲ. ಎಲ್ಲ ಸೇರಿ ಕಿವಿಗೆ ಹೂವು ಇಡುತ್ತಾರೆ ಅಷ್ಟೇ.

---

ಹಳೇ ಟೆಸ್ಟರ್:

ಹೂವು ಇಟ್ಟವರ ಪೈಕಿ ನಾನೂ ಒಬ್ಬ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ವಾಹನ ಪರೀಕ್ಷೆಯ ಲ್ಯಾಬಿನಲ್ಲಿ ಬಹಳ ವರ್ಷ ಇದ್ದವನು. ರೋಲರ್ ಮೇಲೆ ಗಾಡಿ ಹತ್ತಿಸಿ ಹೊಗೆ ಹಿಡಿಯೋದೇ ಕೆಲಸ. ಪುರುಸೊತ್ತಿದ್ದಾಗ ಓದಿ.

ಲ್ಯಾಬಿನಲ್ಲಿ ಯಾರೂ ಟ್ಯಾಂಕಿನಿಂದ ಎಷ್ಟು ಡೀಸೆಲ್ ಹೋಯಿತು ಅಂತ ನೋಡುವುದಿಲ್ಲ. ಸೈಲೆನ್ಸರಿನಿಂದ ಬರುವ ಹೊಗೆಗೆ ಗಾಳಿ ಬೆರೆಸಿ, ಅದರ ಸ್ಯಾಂಪಲ್ಲನ್ನು ಚೀಲಕ್ಕೆ ಹಿಡಿಯುತ್ತಾರೆ. ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟು, ಕಾರ್ಬನ್ ಮಾನಾಕ್ಸೈಡ್ ಎಷ್ಟು, ಸುಡದೆ ಬಂದ ಹೈಡ್ರೋಕಾರ್ಬನ್ ಎಷ್ಟು ಅಂತ ಅಳೆಯುತ್ತಾರೆ. ಒಳಗೆ ಹೋದ ಕಾರ್ಬನ್ ಹೊರಗೆ ಬರಲೇಬೇಕು ಅಲ್ವಾ? ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.65 ಕೆ.ಜಿ., ಪೆಟ್ರೋಲ್ ಆದರೆ ಸುಮಾರು 2.3 ಕೆ.ಜಿ. ಕಾರ್ಬನ್ ಡೈಆಕ್ಸೈಡ್. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಎಷ್ಟು ಇಂಧನ ಸುಟ್ಟಿತು ಅಂತ ಸಿಗುತ್ತದೆ. ಈ ಭಾಗ ತುಂಬಾ ಕರಾರುವಾಕ್ಕು. ಇಲ್ಲಿ ಮೋಸ ಮಾಡೋದು ಕಷ್ಟ.

ಸಡಿಲ ಇರುವುದು ರೋಲರ್‌ನಲ್ಲಿ. ರೋಲರ್ ಮೇಲೆ ಗಾಡಿ ನಿಂತಲ್ಲೇ ಓಡುತ್ತದೆ. ಎದುರುಗಾಳಿಯ ತಡೆ ಇಲ್ಲ, ರಸ್ತೆಯೂ ಇಲ್ಲ. ಹಾಗಾಗಿ "ಇಷ್ಟು ವೇಗಕ್ಕೆ ಇಷ್ಟು ತಡೆ ಕೊಡು" ಅಂತ ರೋಲರ್‌ಗೆ ನಾವೇ ಹೇಳಿಕೊಡಬೇಕು. ಆ ಅಂಕಿ ಎಲ್ಲಿಂದ ಬರುತ್ತದೆ? ಗಾಡಿಯನ್ನು ಸಮತಟ್ಟಾದ ಟ್ರ್ಯಾಕಿಗೆ ಒಯ್ದು, ಜೋರಾಗಿ ಓಡಿಸಿ, ನ್ಯೂಟ್ರಲ್ ಮಾಡಿ ಬಿಟ್ಟುಬಿಡುತ್ತಾರೆ. ಎಷ್ಟು ಸೆಕೆಂಡಿನಲ್ಲಿ ಎಷ್ಟು ವೇಗ ಇಳಿಯಿತು ಅಂತ ಬರೆದುಕೊಳ್ಳುತ್ತಾರೆ. ಇದಕ್ಕೆ ಕೋಸ್ಟ್‌ಡೌನ್ ಅನ್ನುತ್ತಾರೆ. ಇಲ್ಲಿ ತಡೆ ಕಡಿಮೆ ಅಂತ ಬಂದರೆ ಮುಂದಿನದೆಲ್ಲ ಚೆಂದವೇ ಬರುತ್ತದೆ. ಗಾಳಿ ಬೀಸುವ ದಿಕ್ಕು, ಟ್ರ್ಯಾಕಿನ ಮೇಲ್ಮೈ, ಟೈರ್ ಎಷ್ಟು ಸವೆದಿದೆ, ಎಷ್ಟು ಬಿಸಿಯಾಗಿದೆ, ಎಲ್ಲದಕ್ಕೂ ಅಂಕಿ ಅಲ್ಲಾಡುತ್ತದೆ.

ದೊಡ್ಡ ಗಲಾಟೆಗಳೂ ಇಲ್ಲೇ ಆಗಿದ್ದು. 2012ರ ನವೆಂಬರಿನಲ್ಲಿ ಹ್ಯುಂಡೈ ಮತ್ತು ಕಿಯಾ ಅಮೆರಿಕದಲ್ಲಿ ಸುಮಾರು 9 ಲಕ್ಷ ಗಾಡಿಗಳ ಮೈಲೇಜ್ ಅಂಕಿಯನ್ನು ಇಳಿಸಬೇಕಾಯಿತು. ತೊಡಕು ಸಿಕ್ಕಿದ್ದು ಕೋಸ್ಟ್‌ಡೌನ್ ಲೆಕ್ಕದಲ್ಲಿ. 2016ರಲ್ಲಿ ಮಿತ್ಸುಬಿಷಿ ಜಪಾನಿನಲ್ಲಿ ತನ್ನ ಪುಟ್ಟ ಕಾರುಗಳ ಅಂಕಿ ತಿದ್ದಿದ್ದನ್ನು ಒಪ್ಪಿಕೊಂಡಿತು. ಅಲ್ಲೂ ತಿದ್ದಿದ್ದು ಇದೇ ತಡೆಯ ಅಂಕಿ. ಎರಡೂ ಸಲ ಹೊಗೆಯ ಅಳತೆಗೆ ಯಾರೂ ಕೈ ಹಾಕಿರಲಿಲ್ಲ ಅನ್ನೋದನ್ನು ಗಮನಿಸಿ.

ಇನ್ನು ಪರೀಕ್ಷೆಯಲ್ಲಿ ಗಾಡಿ ಓಡಿಸುವ ರೀತಿ. ಯುರೋಪಿನ ಹಳೆಯ ಎನ್‌ಇಡಿಸಿ ಅಂದರೆ ಸುಮಾರು 11 ಕಿಲೋಮೀಟರಿನ ಓಟ. ಸರಾಸರಿ ವೇಗ ಗಂಟೆಗೆ 34ರ ಹತ್ತಿರ. ಅದನ್ನೇ ಹೊಂದಿಸಿಕೊಂಡ ಭಾರತದ ಎಂಐಡಿಸಿಯಲ್ಲಿ ಗರಿಷ್ಠ ವೇಗ 90. ಈಗಿನ ಡಬ್ಲ್ಯುಎಲ್‌ಟಿಪಿ ಯುರೋಪಿನಲ್ಲಿ ಹೊಸ ಮಾದರಿಗಳಿಗೆ 2017ರ ಸೆಪ್ಟೆಂಬರಿನಿಂದ ಬಂತು. ಅರ್ಧ ಗಂಟೆಯಲ್ಲಿ 23 ಕಿಲೋಮೀಟರ್, ಗರಿಷ್ಠ 131. ಇದು ಎಷ್ಟೋ ವಾಸಿ, ಆದರೂ ಎಸಿ ಹಾಕುವುದಿಲ್ಲ. ಅಮೆರಿಕದವರು 2008ರ ಮಾಡೆಲ್‌ಗಳಿಂದ ಐದು ಬಗೆಯ ಓಟ ಸೇರಿಸಿ ಅಂಕಿ ಕೊಡುತ್ತಾರೆ. ಎಸಿ ಹಾಕಿದ ಸೆಖೆಯ ಓಟವೂ ಇದೆ, ಸೊನ್ನೆಗಿಂತ ಕೆಳಗೆ 7 ಡಿಗ್ರಿ ಚಳಿಯ ಓಟವೂ ಇದೆ. ನನ್ನ ಕೇಳಿದರೆ ಓಡಿಸುವವನ ಕೈಗೆ ಹತ್ತಿರ ಬರುವ ಅಂಕಿ ಅದೇ.

ಇವುಗಳಲ್ಲಿ ಒಂದರಲ್ಲೂ ಕಲ್ಲಿಲ್ಲ, ಕೆಸರಿಲ್ಲ, ಮರಳಿಲ್ಲ. ಏರು ಕೂಡ ಇಲ್ಲ. ನಿಮ್ಮಂಥ ಗಾಡಿ ಟೂ ಹೈನಲ್ಲೇ ಪರೀಕ್ಷೆ ಮುಗಿಸಿ ಹೋಗುತ್ತದೆ. ಫೋರ್ ಲೋ ಹಾಕುವ ಪ್ರಸಂಗವೇ ಬರುವುದಿಲ್ಲ. ಅಮೆರಿಕದಲ್ಲಂತೂ 8,500 ಪೌಂಡ್, ಅಂದರೆ ಸುಮಾರು 3,850 ಕೆ.ಜಿ. ಒಟ್ಟು ತೂಕ ಮೀರುವ ದೊಡ್ಡ ಪಿಕಪ್‌ಗಳಿಗೆ ಮೈಲೇಜ್ ಚೀಟಿಯೇ ಇರುವುದಿಲ್ಲ. ಅತಿ ಹೆಚ್ಚು ಕುಡಿಯುವ ಗಾಡಿಗೆ ಅಂಕಿಯೇ ಇಲ್ಲ ಅನ್ನೋದು ಒಳ್ಳೆ ತಮಾಷೆ.

ಹಾಗಾಗಿ ಕಂಪನಿ ಸುಳ್ಳು ಹೇಳುತ್ತಿದೆಯಾ ಅಂದರೆ, ಹೆಚ್ಚಿನ ಸಲ ಇಲ್ಲ. ಅವರು ಉತ್ತರ ಕೊಟ್ಟಿರುವ ಪ್ರಶ್ನೆ ಬೇರೆ. ಎರಡು ಗಾಡಿ ಪಕ್ಕಪಕ್ಕ ಇಟ್ಟು ನೋಡಲು ಆ ಅಂಕಿ ಬೇಕು. ಡೀಸೆಲ್ ಕ್ಯಾನ್ ಎಣಿಸಲು ಬಾರದು.

ವ್ಯತ್ಯಾಸ ಎಷ್ಟಿರಬಹುದು ಅನ್ನೋದಕ್ಕೆ ಒಂದು ಗಟ್ಟಿ ಲೆಕ್ಕ ಇದೆ. ಯುರೋಪಿನಲ್ಲಿ 2021ರಿಂದ ಮಾರುವ ಹೊಸ ಪೆಟ್ರೋಲ್, ಡೀಸೆಲ್, ಪ್ಲಗ್ ಇನ್ ಹೈಬ್ರಿಡ್ (ಎಂಜಿನ್ ಜೊತೆಗೆ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ) ಕಾರುಗಳೆಲ್ಲ ತಾವು ಎಷ್ಟು ಇಂಧನ ಕುಡಿದೆವು ಅಂತ ತಮ್ಮೊಳಗೇ ಬರೆದಿಟ್ಟುಕೊಳ್ಳಬೇಕು. ಆ ಮಾಹಿತಿ ಒಟ್ಟು ಮಾಡಿ ಯುರೋಪಿಯನ್ ಕಮಿಷನ್ 2024ರಲ್ಲಿ ವರದಿ ಕೊಟ್ಟಿತು. ಪೆಟ್ರೋಲ್, ಡೀಸೆಲ್ ಕಾರುಗಳು ಡಬ್ಲ್ಯುಎಲ್‌ಟಿಪಿ ಅಂಕಿಗಿಂತ ಸರಾಸರಿ ಶೇ. 20ರಷ್ಟು ಜಾಸ್ತಿ ಕುಡಿಯುತ್ತವೆ. ಪ್ಲಗ್ ಇನ್ ಹೈಬ್ರಿಡ್‌ಗಳು ಮೂರೂವರೆ ಪಟ್ಟು. ಹೌದು, ಪಟ್ಟು. ಚಾರ್ಜ್ ಮಾಡದೆ ಓಡಿಸಿದರೆ ಅದು ಭಾರದ ಬ್ಯಾಟರಿ ಹೊತ್ತ ಪೆಟ್ರೋಲ್ ಗಾಡಿ ಅಷ್ಟೇ.

ನಿಮಗೆ 15ರ ಜಾಗದಲ್ಲಿ 11 ಬರುತ್ತಿದೆ. ಡಬ್ಬದಂಥ ಮೈ, ಮೇಲೆ ಕ್ಯಾರಿಯರ್, ದಪ್ಪ ಟೈರ್ ಎಲ್ಲ ನೋಡಿದರೆ ನನಗೇನೂ ಆಶ್ಚರ್ಯ ಇಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ಏರುತ್ತದೆ. 80ರಲ್ಲಿ ಇದ್ದ ತಡೆ 110ಕ್ಕೆ ಹೋದರೆ ಸುಮಾರು 1.9 ಪಟ್ಟು. ಚೌಕಾಕಾರದ ಗಾಡಿಗಳ ಗಾಳಿತಡೆ ಅಂಕಿ 0.45ರ ಆಸುಪಾಸು, ಸೆಡಾನ್ ಕಾರುಗಳದ್ದು 0.25ರಿಂದ 0.30. ಕ್ಯಾರಿಯರ್ ಬಿಚ್ಚಿಟ್ಟು ಒಂದು ಟ್ಯಾಂಕ್ ಓಡಿಸಿ ನೋಡಿ, ಹೈವೇಯಲ್ಲಿ ಗೊತ್ತಾಗುತ್ತದೆ.

---

ಕಲ್ಲುದಾರಿ:

ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ಕಂಪನಿ ಅಂಕಿ ವಿಷಯ ತಲೆಗೆ ಹೋಯಿತು. ಆದರೆ ನನ್ನದೇ ಎರಡು ಅಂಕಿ ಒಂದಕ್ಕೊಂದು ಕೂಡುತ್ತಿಲ್ಲವಲ್ಲ? ಪರದೆ 11.8, ಬಂಕ್ ಲೆಕ್ಕ 10.9. ಟೈರ್ ದೊಡ್ಡದು ಮಾಡಿದ್ದರಿಂದ ಹೀಗಾಯಿತಾ? ಮತ್ತೆ ಆ 7 ಬಂದವರನ್ನು ಕೇಳಿದೆ. ಮನೆಯಿಂದಲೇ ಸೊನ್ನೆ ಮಾಡಿದ್ದರಂತೆ. ಮರಳುಗಾಡಿ ಅಣ್ಣನಿಗೆ ನೂರು ಮಾರ್ಕ್ಸ್.

---

ಡೇಟಾಪ್ರಿಯ:

ಈ ತಲೆನೋವೆಲ್ಲ ಯಾಕೆ? ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಒಂದು ಒಬಿಡಿ ಡಾಂಗಲ್ ಚುಚ್ಚಿ, ಫೋನಿನಲ್ಲಿ ಆಪ್ ಹಾಕಿಕೊಳ್ಳಿ. ಕ್ಷಣಕ್ಷಣಕ್ಕೂ ಎಷ್ಟು ಕುಡಿಯುತ್ತಿದೆ ಅಂತ ಕಾಣುತ್ತದೆ. ದೂರಕ್ಕೆ ಫೋನಿನ ಜಿಪಿಎಸ್ ಇದ್ದೇ ಇದೆ. ಟೈರ್ ಗೊಡವೆಯೂ ಇಲ್ಲ. ನಾನು ಅದನ್ನೇ ಬಳಸೋದು, ಡೆಸಿಮಲ್ ಎರಡು ಸ್ಥಾನದವರೆಗೆ ಬರುತ್ತದೆ.

---

ಹಳೇ ಟೆಸ್ಟರ್:

ಎರಡು ಸ್ಥಾನ ಬರುತ್ತದೆ ನಿಜ. ಮೊದಲ ಸ್ಥಾನವೇ ಸರಿಯಿದೆಯಾ ಅನ್ನೋದು ನನ್ನ ಅನುಮಾನ. ಡೇಟಾಪ್ರಿಯ ಅವರೇ, ಬೇಜಾರು ಮಾಡ್ಕೋಬೇಡಿ, ನಿಮ್ಮ ಗಾಡಿ ಪೆಟ್ರೋಲ್ ಆಗಿದ್ದರೆ ನಿಮ್ಮ ಮಾತು ಸುಮಾರಾಗಿ ನಡೆಯುತ್ತದೆ. ಇಂಧನ ಎಷ್ಟು ಅಂತ ನೇರವಾಗಿ ಹೇಳದ ಗಾಡಿಯಲ್ಲಿ ಆಪ್ ಏನು ಮಾಡುತ್ತದೆ ಗೊತ್ತಾ? ಎಂಜಿನ್ ಒಳಗೆ ಎಷ್ಟು ಗಾಳಿ ಹೋಯಿತು ಅಂತ ಓದಿ, ಅದನ್ನು 14.7ರಿಂದ (ಒಂದು ಪಾಲು ಪೆಟ್ರೋಲ್ ಸುಡಲು ಬೇಕಾದ ಗಾಳಿಯ ಪಾಲು) ಭಾಗಿಸುತ್ತದೆ. ಪೆಟ್ರೋಲ್ ಎಂಜಿನ್ ಹೆಚ್ಚು ಹೊತ್ತು ಆ ಪ್ರಮಾಣದ ಹತ್ತಿರವೇ ಓಡುತ್ತದೆ, ಹಾಗಾಗಿ ಉತ್ತರ ಸಿಗುತ್ತದೆ.

ಡೀಸೆಲ್ ಹಾಗಲ್ಲ. ಡೀಸೆಲ್ ಎಂಜಿನ್ ಗಾಳಿಯನ್ನು ಬೇಕಾಬಿಟ್ಟಿ ಎಳೆದುಕೊಳ್ಳುತ್ತದೆ, ಇಂಧನ ಮಾತ್ರ ಬೇಕಷ್ಟೇ ಚಿಮ್ಮಿಸುತ್ತದೆ. ಐಡಲ್‌ನಲ್ಲಿ ಗಾಳಿ ವಿಪರೀತ, ಡೀಸೆಲ್ ಚೂರು. ಗಾಳಿ ನೋಡಿ ಡೀಸೆಲ್ ಊಹಿಸಿದರೆ ಲೆಕ್ಕ ಎತ್ತೆತ್ತಲೋ ಹೋಗುತ್ತದೆ. ಫೋರ್ ಲೋನಲ್ಲಿ ಮೊದಲ ಗೇರ್ ಹಾಕಿ, ಆಕ್ಸಿಲರೇಟರ್ ಬಿಟ್ಟು, ಎಂಜಿನ್ ಬ್ರೇಕಿಂಗ್‌ನಲ್ಲಿ ಇಳಿಜಾರು ಇಳಿಯುತ್ತೀರಿ ಅಂತಿಟ್ಟುಕೊಳ್ಳಿ. ಎಂಜಿನ್ ಸದ್ದು ಜೋರಾಗಿದೆ, ಆರ್‌ಪಿಎಂ ಮೇಲಿದೆ, ಗಾಳಿ ಹರಿಯುತ್ತಿದೆ. ಆದರೆ ಆಗ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಮುಚ್ಚಿಕೊಂಡಿರುತ್ತದೆ, ಒಂದು ಹನಿಯೂ ಹೋಗುತ್ತಿರುವುದಿಲ್ಲ. ಗಾಳಿ ಲೆಕ್ಕದ ಆಪ್ ಮಾತ್ರ ಡೀಸೆಲ್ ಖರ್ಚಾಗುತ್ತಿದೆ ಅಂತ ಬರೆದುಕೊಳ್ಳುತ್ತಲೇ ಇರುತ್ತದೆ. ನಿಮ್ಮ ಗಾಡಿಯ ಕಂಪ್ಯೂಟರ್ ಗಂಟೆಗೆ ಎಷ್ಟು ಲೀಟರ್ ಅನ್ನೋ ಅಂಕಿಯನ್ನು ತಾನೇ ಹೊರಗೆ ಕೊಡುತ್ತಿದ್ದರೆ ಆಪ್ ಬಳಸಿ. ಎಲ್ಲ ಗಾಡಿಗಳೂ ಕೊಡುವುದಿಲ್ಲ.

ಕಲ್ಲುದಾರಿಯವರ ಟೈರ್ ಪ್ರಶ್ನೆಗೆ ಬರೋಣ. 265/70 ಆರ್ 17ರ ವ್ಯಾಸ ಸುಮಾರು 803 ಮಿ.ಮೀ., 285/70ರದ್ದು 831. ಶೇ. 3.5 ದೊಡ್ಡದು. ಚಕ್ರ ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತದೆ, ಮೀಟರಿಗೆ ಅದು ಗೊತ್ತಿಲ್ಲ. ಮೀಟರ್ 500 ಅಂದರೆ ನೀವು ಹೋಗಿರುವುದು 517ರ ಹತ್ತಿರ. ಅಂದರೆ ನಿಮ್ಮ 10.9 ವಾಸ್ತವದಲ್ಲಿ 11.3. ಖುಷಿಪಡಿ. "ದೊಡ್ಡ ಟೈರ್ ಹಾಕಿದೆ, ಮೈಲೇಜ್ ಬಿದ್ದುಹೋಯ್ತು" ಅನ್ನುವವರಲ್ಲಿ ಎಷ್ಟೋ ಜನ ಈ ಭಾಗವನ್ನು ಕಳೆಯುವುದೇ ಇಲ್ಲ. ಟೈರ್ ತೂಕ, ಅದರ ಮೇಲಿನ ದಪ್ಪ ಉಬ್ಬುಗಳಿಂದ ನಿಜವಾಗಿಯೂ ಬೀಳುತ್ತದೆ, ಆದರೆ ಅವರು ಹೇಳುವಷ್ಟಲ್ಲ.

ಆದರೆ ನೋಡಿ, ಪರದೆಗೂ ಬಂಕ್ ಲೆಕ್ಕಕ್ಕೂ ದೂರ ಒಂದೇ ಮೀಟರಿನಿಂದ ಬಂದಿದೆ. ಟೈರಿನ ತಪ್ಪು ಎರಡರಲ್ಲೂ ಸಮ. ಹಾಗಾದರೆ ಆ ಶೇ. 8ರ ವ್ಯತ್ಯಾಸ ಪೂರ್ತಿ ಇಂಧನದ ಕಡೆಯದ್ದು. ಪರದೆ ಡೀಸೆಲ್ ಅಳೆಯುವುದು ಇಂಜೆಕ್ಟರ್ ಎಷ್ಟು ಹೊತ್ತು, ಎಷ್ಟು ಒತ್ತಡದಲ್ಲಿ ತೆರೆದಿತ್ತು ಅಂತ ನೋಡಿ. ಅದೂ ಒಂದು ಅಂದಾಜೇ. ಪರದೆಗಳು ಸ್ವಲ್ಪ ಹೊಗಳುವ ಕಡೆಗೇ ವಾಲಿರುತ್ತವೆ. ನಾನು ನೋಡಿದ ಗಾಡಿಗಳಲ್ಲಿ ಬೈಯುವ ಪರದೆ ಅಪರೂಪ.

ಹಾಗಂತ ಬಂಕ್ ಲೆಕ್ಕವೇ ವೇದವಾಕ್ಯವೂ ಅಲ್ಲ. ನೀವು 28 ಲೀಟರ್ ಹಾಕಿಸಿದ್ದೀರಿ. ನಳಿಕೆ ಟಕ್ ಅಂತ ನಿಲ್ಲುವ ಜಾಗ ಪ್ರತಿ ಸಲ ಒಂದೇ ಇರುವುದಿಲ್ಲ. ಬಂಕಿನ ನೆಲ ಸ್ವಲ್ಪ ವಾಲಿದ್ದರೆ, ಟ್ಯಾಂಕಿನ ಮೂಲೆಯಲ್ಲಿ ಗಾಳಿ ಸಿಕ್ಕಿಕೊಂಡರೆ, ಪಂಪ್ ಜೋರಾಗಿ ಹರಿದು ನೊರೆ ಎದ್ದರೆ, ಒಂದೂವರೆ ಲೀಟರ್ ಆಚೀಚೆ ಆಗುವುದು ಮಾಮೂಲು. ಆಫ್‌ರೋಡ್ ಗಾಡಿಗಳ ಟ್ಯಾಂಕ್ ದೊಡ್ಡದು, ಚಾಸಿ ನಡುವೆ ತೂರಿಸಿದ ವಿಚಿತ್ರ ಆಕಾರ, ಹಾಗಾಗಿ ಇವುಗಳಲ್ಲಿ ಇದು ಜಾಸ್ತಿ. 28ರಲ್ಲಿ ಒಂದೂವರೆ ಅಂದರೆ ಶೇ. 5ಕ್ಕೂ ಮೇಲೆ. ನಿಮ್ಮ 10.9 ಅನ್ನೋದು 10.3ರಿಂದ 11.5ರವರೆಗೆ ಎಲ್ಲಿ ಬೇಕಾದರೂ ಇರಬಹುದು.

ಇದಕ್ಕೆ ಮದ್ದು ಸುಲಭ. ಒಂದು ಫುಲ್ ಟ್ಯಾಂಕಿಗೆ ನಿಲ್ಲಿಸಬೇಡಿ. ಒಂದು ಸಲ ಫುಲ್ ಮಾಡಿ, ಆಮೇಲೆ ಹಾಕಿಸಿದ್ದನ್ನೆಲ್ಲ ಬರೆದಿಡುತ್ತಾ ಹೋಗಿ, ಅರ್ಧಂಬರ್ಧ ಹಾಕಿಸಿದರೂ ಪರವಾಗಿಲ್ಲ. 300 ಲೀಟರ್ ದಾಟಿದ ಮೇಲೆ ಒಂದು ಸಲ ಫುಲ್ ಮಾಡಿ, ಓಡಿದ ಒಟ್ಟು ಕಿಲೋಮೀಟರನ್ನು ಲೀಟರಿನ ಮೊತ್ತದಿಂದ ಭಾಗಿಸಿ. ನಡುವಿನ ತಪ್ಪುಗಳೆಲ್ಲ ತಾವೇ ಹೊಡೆದುಹೋಗುತ್ತವೆ. ಉಳಿಯುವುದು ಮೊದಲ ಟಕ್ ಮತ್ತು ಕೊನೆಯ ಟಕ್ ಎರಡೇ. 300ರಲ್ಲಿ ಒಂದೂವರೆ ಲೀಟರ್ ಅಂದರೆ ಅರ್ಧ ಪರ್ಸೆಂಟ್. ಅಷ್ಟು ಸಾಕು. ಟಕ್ ಆದ ಮೇಲೆ ಒತ್ತಿ ಒತ್ತಿ ತುಂಬಿಸಬೇಡಿ. ಪೆಟ್ರೋಲ್ ಗಾಡಿಯಾದರೆ ಆವಿ ಹಿಡಿಯುವ ಇದ್ದಿಲು ಡಬ್ಬಿಗೆ ಪೆಟ್ರೋಲ್ ನುಗ್ಗಿ ಅದು ಹಾಳಾಗುತ್ತದೆ.

ಒಂದೊಂದು ಟ್ಯಾಂಕಿನ ಅಂಕಿ ತೆಗೆದು, ಆ ಅಂಕಿಗಳ ಸರಾಸರಿ ಮಾತ್ರ ಮಾಡಬೇಡಿ. ನೂರು ಕಿಲೋಮೀಟರ್ 12ರ ಲೆಕ್ಕದಲ್ಲಿ, ಇನ್ನೊಂದು ನೂರು 6ರ ಲೆಕ್ಕದಲ್ಲಿ ಓಡಿದರೆ ಸರಾಸರಿ 9 ಅಂತ ಎಲ್ಲರೂ ಹೇಳುತ್ತಾರೆ. 8.3 ಲೀಟರ್, 16.7 ಲೀಟರ್, ಒಟ್ಟು 25 ಲೀಟರ್, 200 ಕಿಲೋಮೀಟರ್. ಸರಾಸರಿ 8. ರಸ್ತೆ ಮತ್ತು ಕಚ್ಚಾ ದಾರಿ ಎರಡರಲ್ಲೂ ಓಡಿಸುವವರಿಗೆ ಈ ತಪ್ಪು ದುಬಾರಿ.

---

ಮರಳುಗಾಡಿ:

ಹೂವಿನ ಮಾತು ವಾಪಸ್ ತಗೊಂಡೆ ಟೆಸ್ಟರ್ ಸರ್, ಅರ್ಧ ಹೂವು ಮಾತ್ರ. :)

ಆದರೆ ಒಂದು ವಿಷಯ ನೀವು ಬಿಟ್ಟಿರಿ. ಮರಳಲ್ಲಿ, ಕೆಸರಲ್ಲಿ ಚಕ್ರ ಜಾರುತ್ತದೆ. ಮೀಟರ್ ಚಕ್ರ ತಿರುಗಿದ್ದನ್ನು ಎಣಿಸುತ್ತದೆ, ಗಾಡಿ ಮುಂದೆ ಹೋಗಿದ್ದನ್ನಲ್ಲ. ಕೆಸರಲ್ಲಿ ಹೂತು ನಿಂತ ಗಾಡಿ ಅಲ್ಲೇ ಚಕ್ರ ತಿರುಗಿಸಿ ತಿರುಗಿಸಿ ಅರ್ಧ ಕಿಲೋಮೀಟರ್ ಹೋದೆ ಅನ್ನುವುದನ್ನು ನಾನೇ ನೋಡಿದ್ದೇನೆ. ಹಾಗಾದರೆ ಆ ಮೈಲೇಜ್ ಯಾವ ಕಿಲೋಮೀಟರಿನದ್ದು?

---

ಹಳೇ ಟೆಸ್ಟರ್:

ಬಿಟ್ಟಿರಲಿಲ್ಲ, ಅದಕ್ಕೇ ಬರುತ್ತಿದ್ದೆ. ಈ ಇಡೀ ಚರ್ಚೆಯಲ್ಲಿ ನನಗೆ ಹೇಳಬೇಕಾಗಿದ್ದೂ ಅದೇ.

ಟಾರ್ ರಸ್ತೆಯಲ್ಲಿ ಮೈಲೇಜ್ ಲೆಕ್ಕದ ಒಂದು ಕಾಲು, ಅಂದರೆ ದೂರ, ಗಟ್ಟಿ. ಇನ್ನೊಂದು ಕಾಲು, ಅಂದರೆ ಇಂಧನ, ಸ್ವಲ್ಪ ಅಲ್ಲಾಡುತ್ತದೆ. ಕಚ್ಚಾ ದಾರಿಗೆ ಇಳಿದರೆ ಎರಡೂ ಕಾಲು ಅಲ್ಲಾಡುತ್ತವೆ. ಶೇ. 20 ಜಾರಿಕೆ ಇದ್ದರೆ ಮೀಟರ್ 50 ಅಂದಾಗ ಗಾಡಿ ಹೋಗಿರುವುದು 40. ಪರದೆಯಲ್ಲಿ ಮೈಲೇಜ್ ಚೆನ್ನಾಗಿ ಕಾಣುತ್ತದೆ! ಚಕ್ರ ಜಾರಿದಷ್ಟೂ ಅಂಕಿ ಚೆಂದ. ಜಿಪಿಎಸ್ ನಂಬೋಣ ಅಂದರೆ ಅದಕ್ಕೂ ತನ್ನದೇ ಚೇಷ್ಟೆ. ಹತ್ತು ಸೆಕೆಂಡಿಗೊಮ್ಮೆ ಬಿಂದು ಇಡುವ ಆಪ್ ತಿರುವುಗಳನ್ನು ಕತ್ತರಿಸಿ ನೇರ ಗೆರೆ ಎಳೆಯುತ್ತದೆ, ದೂರ ಕಡಿಮೆ ಬರುತ್ತದೆ. ದಟ್ಟ ಮರಗಳ ಕೆಳಗೆ, ಅಥವಾ ಗಾಡಿ ನಿಂತಿರುವಾಗ, ಬಿಂದು ಅತ್ತಿತ್ತ ಕುಣಿದು ದೂರ ಜಾಸ್ತಿ ಬರುತ್ತದೆ. ಎತ್ತರ ಲೆಕ್ಕಕ್ಕೆ ತಗೊಳ್ಳದ ಆಪ್ ಆದರೆ ನೂರಕ್ಕೆ 20ರ ಏರಿನಲ್ಲಿ ಇನ್ನೊಂದು ಶೇ. 2 ಹೋಯಿತು. ಜಿಪಿಎಸ್ ಬೇಕಾದರೆ ಸೆಕೆಂಡಿಗೊಮ್ಮೆ ಬಿಂದು ಇಡುವಂತೆ ಸೆಟ್ ಮಾಡಿ.

ನನ್ನ ಅಭಿಪ್ರಾಯ ಕೇಳಿದರೆ, ಫೋರ್ ಲೋನಲ್ಲಿ ಕಿಲೋಮೀಟರ್ ಲೆಕ್ಕವನ್ನೇ ಬಿಟ್ಟುಬಿಡಿ. ಗಂಟೆಗೆ ಎಷ್ಟು ಲೀಟರ್ ಅಂತ ನೋಡಿ. ಟ್ರ್ಯಾಕ್ಟರ್, ಜೆಸಿಬಿ ಓಡಿಸುವವರು ಅನಾದಿಯಿಂದ ಹಾಗೇ ಲೆಕ್ಕ ಹಾಕುತ್ತಿದ್ದಾರೆ, ಅವರೇ ಜಾಣರು. ಲೋ ರೇಂಜ್ ಅಂದರೆ ಸಾಮಾನ್ಯವಾಗಿ ಎರಡು ಪಟ್ಟು, ಎರಡೂವರೆ ಪಟ್ಟು ಹೆಚ್ಚುವರಿ ಗೇರ್ ಇಳಿತ. ಜಿಮ್ನಿಯಲ್ಲಿ 2ರ ಹತ್ತಿರ, ರ‍್ಯಾಂಗ್ಲರ್ ರುಬಿಕಾನ್‌ನಲ್ಲಿ 4. ಎಂಜಿನ್ ತಿರುಗುತ್ತಲೇ ಇರುತ್ತದೆ, ಗಾಡಿ ತೆವಳುತ್ತಿರುತ್ತದೆ. ಮುಂದಿನ ಗಾಡಿ ಕಲ್ಲು ಹತ್ತುವವರೆಗೆ ಹಿಂದಿನವರು ಎಂಜಿನ್ ಆನ್ ಇಟ್ಟು ಕಾಯುತ್ತಾರೆ. ಆಗ ದೂರ ಸೊನ್ನೆ, ಡೀಸೆಲ್ ಮಾತ್ರ ಹೋಗುತ್ತಿರುತ್ತದೆ.

ನಾನು ಅಳೆಯುವ ರೀತಿ ಹೇಳುತ್ತೇನೆ. ಕಚ್ಚಾ ದಾರಿ ಶುರುವಾಗುವ ಮೊದಲು ಮಟ್ಟಸವಾದ ಜಾಗ ನೋಡಿ ಗಾಡಿ ನಿಲ್ಲಿಸುತ್ತೇನೆ. ನಾಲ್ಕು ಚಕ್ರದ ಕೆಳಗೂ ನೆಲ ಒಂದೇ ಮಟ್ಟ ಇರಬೇಕು. ಕ್ಯಾನಿನಿಂದ ಟ್ಯಾಂಕಿಗೆ ಡೀಸೆಲ್ ಸುರಿಯುತ್ತಾ, ಕತ್ತಿನಲ್ಲಿ ಡೀಸೆಲ್ ಕಾಣುವವರೆಗೆ ತುಂಬುತ್ತೇನೆ. ನೊರೆ ಇಳಿಯಲು ಬಿಟ್ಟು ಮತ್ತೆ ಅದೇ ಗುರುತಿಗೆ. ಗಂಟೆ ಬರೆದುಕೊಳ್ಳುತ್ತೇನೆ. ವಾಪಸ್ ಬಂದು ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ, ಮತ್ತೆ ಕ್ಯಾನಿನಿಂದ ಆ ಗುರುತಿಗೆ ತುಂಬುತ್ತೇನೆ. ಸುರಿಯುವ ಮೊದಲು ಒಂದು ಸಲ, ಸುರಿದ ಮೇಲೆ ಒಂದು ಸಲ ಕ್ಯಾನನ್ನು ಕೊಕ್ಕೆ ತಕ್ಕಡಿಗೆ ನೇತುಹಾಕಿ ತೂಗುತ್ತೇನೆ. ಸೂಟ್‌ಕೇಸ್ ತೂಗುವ ಪುಟ್ಟ ತಕ್ಕಡಿ ಸಾಕು. ತೂಕದ ವ್ಯತ್ಯಾಸವನ್ನು 0.83ರಿಂದ ಭಾಗಿಸಿದರೆ ಲೀಟರ್. ಕ್ಯಾನಿನ ಮೈಮೇಲಿನ ಗೆರೆ ನೋಡಿ ಅಂದಾಜು ಮಾಡುವುದಕ್ಕಿಂತ ಎಷ್ಟೋ ನಿಖರ.

ಇಂಥ ಲೆಕ್ಕದಲ್ಲಿ ಒಂದು ಕಲ್ಲಿನ ದಾರಿ: ನಾಲ್ಕು ಗಂಟೆ, 18 ಕಿ.ಮೀ., 11 ಲೀಟರ್. ಇನ್ನೊಂದು, ಸ್ವಲ್ಪ ಬಿಡುವಾದ ಮಣ್ಣು ದಾರಿ: ನಾಲ್ಕು ಗಂಟೆ, 40 ಕಿ.ಮೀ., 12 ಲೀಟರ್. ಮೈಲೇಜ್ ಲೆಕ್ಕದಲ್ಲಿ ಒಂದು 1.6, ಇನ್ನೊಂದು 3.3. ಎರಡು ಪಟ್ಟು ವ್ಯತ್ಯಾಸ, ತಲೆಬುಡ ಇಲ್ಲ. ಗಂಟೆ ಲೆಕ್ಕದಲ್ಲಿ 2.75 ಮತ್ತು 3. ಹೆಚ್ಚುಕಮ್ಮಿ ಒಂದೇ. ಮುಂದಿನ ದಾರಿಗೆ ಎಷ್ಟು ಬೇಕಾಗಬಹುದು ಅಂತ ಹೇಳಲು ಎರಡರಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ ನೀವೇ ನೋಡಿ. ನನ್ನ ಗಾಡಿಯೂ ನಿಮ್ಮಷ್ಟೇ ದೊಡ್ಡ ಡೀಸೆಲ್.

ಮರಳಿಗೆ ಇದು ಪೂರ್ತಿ ಹೊಂದುವುದಿಲ್ಲ. ಅಲ್ಲಿ ಎಂಜಿನ್ ಮೇಲೆ ಭಾರ ಸದಾ ಜಾಸ್ತಿ, ಗಂಟೆಯ ಅಂಕಿಯೂ ಬಹಳ ಮೇಲೆ ಹೋಗುತ್ತದೆ. ಅದಕ್ಕೆ ಬೇರೆ ಅಂಕಿ ಇಟ್ಟುಕೊಳ್ಳಬೇಕು.

ಡೀಸೆಲ್ ಗಾಡಿಯವರಿಗೆ ಇನ್ನೊಂದು ಮಾತು. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಗಾಡಿ ನಿಧಾನ ತೆವಳಿದಷ್ಟೂ ಮಸಿ ಕಟ್ಟುತ್ತದೆ. ಅದನ್ನು ಸುಡಲು ಗಾಡಿ ತಾನೇ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಆ ಹೊತ್ತಿನಲ್ಲಿ ಅಳತೆ ಮಾಡಿದರೆ ಅಂಕಿ ಕೆಟ್ಟದಾಗಿ ಬರುತ್ತದೆ. ಸುಡುವ ಕೆಲಸ ಅರ್ಧಕ್ಕೆ ನಿಂತರೆ ಮತ್ತೆ ಮೊದಲಿನಿಂದ. ಪೆಟ್ರೋಲ್‌ನವರಿಗೆ ಬೇರೆ ಥರ: ಎಥನಾಲ್ ಬೆರೆತಷ್ಟೂ ಲೀಟರಿನಲ್ಲಿರುವ ಶಕ್ತಿ ಕಡಿಮೆ. ಶೇ. 10 ಬೆರೆತರೆ ಮೈಲೇಜ್ ಸುಮಾರು ಶೇ. 3 ಕಡಿಮೆ. ಬೇರೆ ಬೇರೆ ಬಂಕಿನ ಪೆಟ್ರೋಲ್ ಹೋಲಿಸುವಾಗ ಇದು ನೆನಪಿರಲಿ.

---

ಕಲ್ಲುದಾರಿ:

ಗಂಟೆ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ಹೀಗೆ ಮಾಡಲಾ? ಮುಂದಿನ ಟ್ರಿಪ್‌ನಲ್ಲಿ ನಡುವೆ ಬಂಕ್ ಇಲ್ಲ. ಫೋರ್ ಹೈ, ಟೂ ಹೈ ಸೇರಿ ಸುಮಾರು 600 ಕಿ.ಮೀ. ಮಾಮೂಲು ಮಣ್ಣು ರಸ್ತೆ. ಲೋ ರೇಂಜ್ ಕೆಲಸ ಒಟ್ಟು 14 ಗಂಟೆ ಇರಬಹುದು. ಟ್ಯಾಂಕ್ 80 ಲೀಟರ್. ಎರಡು ಕ್ಯಾನ್ ಸಾಕಾ?

---

ಹಳೇ ಟೆಸ್ಟರ್:

ಸಾಲದು. ಮಣ್ಣು ರಸ್ತೆಗೆ ನಿಮ್ಮ 11.3 ಹಿಡಿಯಬೇಡಿ, 10 ಹಿಡಿಯಿರಿ. 600ಕ್ಕೆ 60 ಲೀಟರ್. ಲೋ ರೇಂಜ್‌ಗೆ ನನ್ನ 3ರ ಬದಲು ಮೂರೂವರೆ ಹಿಡಿಯಿರಿ, ನಿಮ್ಮ ಟೈರ್ ದಪ್ಪ. 14 ಗಂಟೆಗೆ 49. ಒಟ್ಟು 109. ದಾರಿ ತಪ್ಪಿದರೆ, ಹೂತರೆ, ವಾಪಸ್ ಬರಬೇಕಾದರೆ ಅಂತ ಐದರಲ್ಲಿ ಒಂದು ಪಾಲು ಮೇಲೆ. 131 ಆಯಿತು.

ಟ್ಯಾಂಕ್ 80 ಅಂದರೂ 75 ಮಾತ್ರ ಲೆಕ್ಕಕ್ಕೆ ತಗೊಳ್ಳಿ. ಗಾಡಿ ಒಂದು ಕಡೆ ವಾಲಿದಾಗ ತಳದ ಡೀಸೆಲ್ ಪಂಪಿನ ಬಾಯಿಗೆ ಸಿಗುವುದಿಲ್ಲ, ಏರಿನ ನಡುವೆ ಎಂಜಿನ್ ಆಫ್ ಆಗುತ್ತದೆ. ವಾಲಿದ ಗಾಡಿಯಲ್ಲಿ ಮುಳ್ಳು ಹೇಳುವುದನ್ನೂ ನಂಬಬೇಡಿ. 75ಕ್ಕೆ 20 ಲೀಟರಿನ ಎರಡು ಕ್ಯಾನ್ ಸೇರಿದರೆ 115. ಮೂರು ಸೇರಿದರೆ 135. ಮೂರು ಬೇಕು.

---

ಮರಳುಗಾಡಿ:

ಮೂರು ಕ್ಯಾನ್ ಡೀಸೆಲ್ ಅಂದರೆ 50 ಕೆ.ಜಿ., ಕಬ್ಬಿಣದ ಕ್ಯಾನಿನ ತೂಕ ಬೇರೆ. ಮೇಲಿನ ಕ್ಯಾರಿಯರಿಗೆ ಹಾಕಬೇಡಿ, ಅಡ್ಡ ಇಳಿಜಾರಿನಲ್ಲಿ ಗಾಡಿ ವಾಲುತ್ತದೆ. ಹಿಂಬದಿ ಬಾಗಿಲಿನ ಬ್ರಾಕೆಟ್‌ಗೆ ಒಂದು, ಉಳಿದವನ್ನು ಪಿಕಪ್ ಇರುವ ಯಾರಾದರೂ ಜೊತೆಗೆ ಬಂದರೆ ಅವರ ಡೆಕ್ಕಿನಲ್ಲಿ ಕಟ್ಟಿಸಿ. ಮೊದಲ ಕ್ಯಾನ್ ಸಾಧ್ಯವಾದಷ್ಟು ಬೇಗ ಟ್ಯಾಂಕಿಗೆ ಸುರಿದುಬಿಡಿ.

---

ಕಲ್ಲುದಾರಿ:

ಆ 7 ಬಂದವರದ್ದೇ ಪಿಕಪ್. ಅವರು ತಮಗೆ ಒಂದು ಕ್ಯಾನ್ ಸಾಕು ಅನ್ನುತ್ತಿದ್ದಾರೆ, ಲೀಟರಿಗೆ 7ರ ಲೆಕ್ಕದಲ್ಲಿ. ಈ ಲೆಕ್ಕ ತೋರಿಸಿ ಅವರಿಗೂ ಮೂರು ಹಾಕಿಸುತ್ತೇನೆ. ತಕ್ಕಡಿ ತಂದಿಟ್ಟುಕೊಂಡಿದ್ದೇನೆ, ಬಂದ ಮೇಲೆ ಗಂಟೆ, ಲೀಟರ್ ಎರಡೂ ಇಲ್ಲೇ ಹಾಕುತ್ತೇನೆ.